ವಿಮೆ ಗಡಿಯಾರ ನೋಡುತ್ತದೆ, ಪುಟ್ಟಿ

ಪುಟ್ಟಿ,

ನೀನು ಕಳಿಸಿದ ಟ್ರಾವೆಲ್ ಪಾಲಿಸಿಯ ಪಿಡಿಎಫ್ ಪೂರ್ತಿ ಓದಿದೆ. ನಿನ್ನ ಪ್ರಶ್ನೆ ಒಂದೇ ಸಾಲಿನದು: ‘ಮಾವ, ಫ್ಲೈಟ್ ಲೇಟಾದ್ರೆ ಇವರು ದುಡ್ಡು ಕೊಡ್ತಾರೆ ತಾನೆ?’ ಕೊಡುತ್ತಾರೆ. ಆದರೆ ಎಷ್ಟು ಹೊತ್ತು ತಡವಾದರೆ, ಯಾವ ಕಾರಣಕ್ಕೆ ತಡವಾದರೆ, ಏನು ಕಾಗದ ತೋರಿಸಿದರೆ ಎಷ್ಟು ಕೊಡುತ್ತಾರೆ ಎಂದು ಕೇಳಿಕೊಳ್ಳದೆ, ಬರೀ ‘ಕೊಡ್ತಾರೆ’ ಅನ್ನುವ ಧೈರ್ಯದ ಮೇಲೆ ವಿಮಾನ ಹತ್ತಬೇಡ. ಜನರಲ್ ಇನ್ಶೂರೆನ್ಸ್ ಕಂಪನಿಯೊಂದರ ಕ್ಲೇಮು ವಿಭಾಗದಲ್ಲಿ ತಲೆ ಬೆಳ್ಳಗಾಗುವವರೆಗೆ ಕೂತವನು ನಾನು. ಮೇಜಿನ ಆಚೆ ಬದಿ ಕೂತು ‘ಇಷ್ಟೇನಾ ಸಾರ್?’ ಎಂದವರ ಮುಖಗಳನ್ನು ಬೇಕಾದಷ್ಟು ನೋಡಿದ್ದೇನೆ.

ಪಾಲಿಸಿಯ ಎರಡನೇ ಪುಟದಲ್ಲಿ ಒಂದು ಪಟ್ಟಿ ಇದೆಯಲ್ಲ, ಅದನ್ನು ತೆಗೆ. ಮೊದಲ ಸಾಲಿನಲ್ಲಿ ಆಸ್ಪತ್ರೆ ಖರ್ಚು, ಒಂದು ಲಕ್ಷ ಡಾಲರ್. ಎಲ್ಲರ ಕಣ್ಣೂ ಅಲ್ಲೇ ನಿಂತುಬಿಡುತ್ತದೆ. ಕೆಳಗಿಳಿದು ಬಾ. ‘ಟ್ರಿಪ್ ಡಿಲೇ’ ಎದುರಿಗೆ ನೂರು ಡಾಲರ್ ಅಂತಿದೆ. ಅದರ ಪಕ್ಕದ ಅಂಕಣದಲ್ಲಿ ‘ಡಿಡಕ್ಟಿಬಲ್ 6 ಗಂಟೆ’. ಅಂದರೆ ಮೊದಲ ಆರು ಗಂಟೆ ನಿನ್ನ ಖಾತೆಗೆ. ಐದೂವರೆ ಗಂಟೆ ಕಾದು ಹೊರಟರೂ ವಿಮಾ ಕಂಪನಿಯ ಲೆಕ್ಕದಲ್ಲಿ ನಿನ್ನ ವಿಮಾನ ತಡವಾಗಲೇ ಇಲ್ಲ. ಇದನ್ನು ಈ ಒಂದು ಕಂಪನಿಯ ಜಿಪುಣತನ ಅಂದುಕೊಳ್ಳಬೇಡ. ವಿದೇಶ ಪ್ರವಾಸದ ಪಾಲಿಸಿಗಳಲ್ಲಿ ಆರು ಗಂಟೆ, ಹನ್ನೆರಡು ಗಂಟೆ ಎಂದು ಗೆರೆ ಎಳೆಯುವುದು ಮಾಮೂಲು. ದೇಶದೊಳಗಿನ ಟಿಕೆಟ್ ಜೊತೆ ತಗುಲಿಸಿ ಮಾರುವ ಅಗ್ಗದ ಕವರ್‌ಗಳಲ್ಲಿ ಆ ಗೆರೆ ಕೆಲವೊಮ್ಮೆ ಇನ್ನೂ ಕೆಳಗಿರುತ್ತದೆ. ಕೊಡುವ ಮೊತ್ತವೂ ಅಷ್ಟೇ ಕೆಳಗಿರುತ್ತದೆ.

ಆ ನೂರು ಡಾಲರ್‌ನಲ್ಲೂ ಎರಡು ಜಾತಿ. ಕೆಲವು ಪಾಲಿಸಿಗಳು ಗೆರೆ ದಾಟಿದ ಕೂಡಲೇ ಗೊತ್ತುಮಾಡಿದ ಮೊತ್ತ ಕೊಟ್ಟು ಕೈತೊಳೆದುಕೊಳ್ಳುತ್ತವೆ, ಬಿಲ್ಲು ಕೇಳುವುದಿಲ್ಲ. ಇನ್ನು ಕೆಲವು, ಕಾಯುವಾಗ ನಿನಗೆ ನಿಜಕ್ಕೂ ಬಿದ್ದ ಊಟ, ರೂಮು, ಟ್ಯಾಕ್ಸಿ ಖರ್ಚನ್ನು ಮಾತ್ರ ಆ ಮಿತಿಯೊಳಗೆ ತುಂಬಿಕೊಡುತ್ತವೆ. ನಿನ್ನದು ಎರಡನೇ ಜಾತಿ. ನೂರು ಡಾಲರ್ ಎಂದು ಅಚ್ಚಾಗಿದ್ದರೂ, ಹನ್ನೆರಡು ಡಾಲರ್‌ನ ಸ್ಯಾಂಡ್‌ವಿಚ್ ತಿಂದಿದ್ದರೆ ಹನ್ನೆರಡು ಡಾಲರ್ ಬರುತ್ತದೆ. ಏರ್‌ಲೈನ್ ಕೊಟ್ಟ ಕೂಪನ್‌ನಲ್ಲಿ ತಿಂದಿದ್ದರೆ ಏನೂ ಇಲ್ಲ.

ಇನ್ನು ಆ ಆರು ಗಂಟೆಯನ್ನು ಎಲ್ಲಿಂದ ಎಲ್ಲಿಗೆ ಎಣಿಸುತ್ತಾರೆ ಎನ್ನುವುದು. ಇದರಲ್ಲಿ ಜಗಳವಾದಷ್ಟು ಬೇರೆ ಯಾವುದರಲ್ಲೂ ಆದದ್ದು ನಾನು ಕಾಣೆ. ಬಹಳಷ್ಟು ಪಾಲಿಸಿಗಳು ನೋಡುವುದು ಹೊರಡುವ ಹೊತ್ತನ್ನು. ವಿಮಾನ ಬಾಗಿಲು ಮುಚ್ಚಿ ಗೇಟಿನಿಂದ ಹಿಂದಕ್ಕೆ ಸರಿದರೆ ದಾಖಲೆಯಲ್ಲಿ ಅದು ಹೊರಟಂತೆಯೇ. ಆಮೇಲೆ ರನ್‌ವೇ ಪಕ್ಕ ಎಷ್ಟು ಹೊತ್ತು ನಿಂತರೂ ಯಾರೂ ಕೇಳುವುದಿಲ್ಲ. ದಾವಣಗೆರೆಯ ಒಬ್ಬ ಯಜಮಾನರು, ಮಗಳ ಬಾಣಂತನಕ್ಕೆ ಹೆಂಡತಿ ಸಮೇತ ಅಮೆರಿಕಕ್ಕೆ ಹೋಗಿ ಬಂದವರು, ನನ್ನ ಮುಂದೆ ಬೋರ್ಡಿಂಗ್ ಪಾಸ್ ಇಟ್ಟರು. ಅದರ ಬೆನ್ನ ಮೇಲೆ ಪೆನ್ಸಿಲ್‌ನಲ್ಲಿ ಅಂದವಾಗಿ ಬರೆದುಕೊಂಡಿದ್ದರು: ಹತ್ತಿದ್ದು ಇಷ್ಟಕ್ಕೆ, ಬಾಗಿಲು ಹಾಕಿದ್ದು ಇಷ್ಟಕ್ಕೆ, ನೆಲ ಬಿಟ್ಟದ್ದು ಇಷ್ಟಕ್ಕೆ. ಅವರ ಲೆಕ್ಕದಲ್ಲಿ ಆರೂವರೆ ಗಂಟೆ ತಡ. ‘ಕಿಟಕಿ ಪಕ್ಕ ಕೂತು ನಾನೇ ನೋಡಿದೀನಿ ಸಾರ್’ ಅಂದರು. ಏರ್‌ಲೈನ್‌ನ ಪತ್ರದಲ್ಲಿದ್ದದ್ದು ಐದು ಗಂಟೆ ನಲವತ್ತು ನಿಮಿಷ, ಗೇಟು ಬಿಟ್ಟ ಹೊತ್ತು. ಕ್ಲೇಮು ಬಿದ್ದುಹೋಯಿತು. ಆ ಮನುಷ್ಯ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಪಾಲಿಸಿಯ ಷರತ್ತಿನ ಮುಂದೆ ಅದು ನಿಲ್ಲಲಿಲ್ಲ.

ಯುರೋಪಿನ ನ್ಯಾಯಾಲಯಕ್ಕೂ ಒಮ್ಮೆ ಇಂಥದ್ದೇ ನಿಮಿಷದ ಲೆಕ್ಕ ಬಂದಿತ್ತು. ಆಸ್ಟ್ರಿಯದ ಸಾಲ್ಜ್‌ಬರ್ಗ್‌ನಿಂದ ಜರ್ಮನಿಯ ಕೊಲೋನ್‌ಗೆ ಹೋದ ವಿಮಾನ ನೆಲ ಮುಟ್ಟಿದಾಗ 2 ಗಂಟೆ 58 ನಿಮಿಷ ತಡ. ತನ್ನ ಜಾಗಕ್ಕೆ ಬಂದು ನಿಂತಾಗ 3 ಗಂಟೆ 3 ನಿಮಿಷ. ಅಲ್ಲಿ ಪರಿಹಾರದ ಗೆರೆ ಮೂರು ಗಂಟೆ. ಒಂದಾದರೂ ಬಾಗಿಲು ತೆರೆದು ಪ್ರಯಾಣಿಕರಿಗೆ ಇಳಿಯಲು ಬಿಟ್ಟ ಕ್ಷಣವೇ ತಲುಪಿದ ಹೊತ್ತು ಎಂದು 2014ರಲ್ಲಿ ತೀರ್ಪಾಯಿತು. ಅಲ್ಲಿಯವರೆಗೆ ಪ್ರಯಾಣಿಕ ಸೀಟಿನಲ್ಲಿ ಬಂದಿಯಾಗಿಯೇ ಇರುತ್ತಾನಲ್ಲ ಎಂಬುದು ವಾದದ ತಿರುಳು. ನನಗೆ ಬಹಳ ಹಿಡಿಸಿದ ತೀರ್ಪು. ಆದರೆ ಅದು ಏರ್‌ಲೈನ್ ಕೊಡಬೇಕಾದ ಪರಿಹಾರಕ್ಕೆ ಸಂಬಂಧಿಸಿದ್ದು. ನಿನ್ನ ವಿಮಾ ಕಂಪನಿಯನ್ನು ಕಟ್ಟಿಹಾಕುವುದು ಅದರ ಪಾಲಿಸಿಯ ಮಾತು ಮಾತ್ರ.

ಕಾರಣದ ವಿಷಯಕ್ಕೆ ಬರೋಣ. ನೀನು ಹೊರಡುವುದು ಜನವರಿಯ ಬೆಳಗಿನ ಜಾವ. ದೇವನಹಳ್ಳಿ ಕಡೆ ಆ ತಿಂಗಳಲ್ಲಿ ಮಂಜು ಹೇಗೆ ಕವಿಯುತ್ತದೆ ಎಂದು ನಿನಗೆ ಗೊತ್ತು. ಮಂಜು, ಮಳೆ, ಯಂತ್ರದ ದೋಷ, ಇದ್ದಕ್ಕಿದ್ದಂತೆ ಆದ ಮುಷ್ಕರ, ಇವು ಸಾಮಾನ್ಯವಾಗಿ ಒಳಗೆ. ಹೊರಗೆ ಇರುವವೂ ಇವೆ. ಏರ್‌ಲೈನ್ ಮುಂಚಿತವಾಗಿ ‘ನಿಮ್ಮ ಹಾರಾಟದ ವೇಳೆ ಬದಲಾಗಿದೆ’ ಎಂದು ಮೆಸೇಜು ಕಳಿಸಿಬಿಟ್ಟರೆ ಅದನ್ನು ತಡವೆಂದು ಒಪ್ಪದ ಪಾಲಿಸಿಗಳೇ ಜಾಸ್ತಿ. ಹೆಬ್ಬಾಳದಲ್ಲಿ ಟ್ರಾಫಿಕ್ ಜಾಮಿಗೆ ಸಿಕ್ಕಿ ಚೆಕ್‌ಇನ್ ಮುಚ್ಚಿದ ಮೇಲೆ ಹೋದರೆ ಅದು ನಿನ್ನ ತಪ್ಪು. ಯುದ್ಧ ಮತ್ತು ಯುದ್ಧದಂಥ ಸ್ಥಿತಿಯಂತೂ ಬಹುತೇಕ ಎಲ್ಲ ಪಾಲಿಸಿಗಳಲ್ಲೂ ಹೊರಗೇ.

ಯುದ್ಧದ ಮಾತು ನಿನಗೆ ದೂರದ್ದೆನಿಸಬಹುದು. ನೀನು ವಿಮಾನ ಬದಲಿಸುವುದು ದೋಹಾದಲ್ಲಿ ತಾನೆ? 2025ರ ಜೂನ್ 23ರಂದು ಇರಾನ್ ಅಲ್ಲಿನ ಅಲ್ ಉದೈದ್ ಸೇನಾನೆಲೆಯತ್ತ ಕ್ಷಿಪಣಿ ಹಾರಿಸಿದಾಗ ಕತಾರ್ ತನ್ನ ವಾಯುಪ್ರದೇಶವನ್ನೇ ಮುಚ್ಚಿತು. ಮುಚ್ಚಿದ್ದು ಕೆಲವೇ ಗಂಟೆ. ಆದರೆ ದೋಹಾದಂಥ ಜಂಕ್ಷನ್ ಕೆಲವು ಗಂಟೆ ನಿಂತರೆ ದಾರಿಯಲ್ಲಿದ್ದ ವಿಮಾನಗಳೆಲ್ಲ ಬೇರೆ ಬೇರೆ ಊರುಗಳಿಗೆ ತಿರುಗಿ, ಅಲ್ಲಿಂದ ಮುಂದೆ ಹೋಗಬೇಕಾದವರ ಸಾಲು ದಿನಗಟ್ಟಲೆ ಕರಗುವುದಿಲ್ಲ. ಅಂಥ ಹೊತ್ತಿನಲ್ಲಿ ಪಾಲಿಸಿ ತೆಗೆದು ನೋಡಿದವರಿಗೆ ಸಿಗುವುದು ಯುದ್ಧದ ಷರತ್ತು.

ಗೊತ್ತಿದ್ದ ವಿಪತ್ತಿಗೂ ವಿಮೆ ಇಲ್ಲ. 2025ರ ಡಿಸೆಂಬರ್ ಮೊದಲ ವಾರ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಸಿಬ್ಬಂದಿ ಹೊಂದಿಸಲಾಗದೆ ಇಂಡಿಗೋ ಸಾವಿರಾರು ಹಾರಾಟ ರದ್ದುಮಾಡಿತಲ್ಲ, ಆ ಸುದ್ದಿಯನ್ನು ಟಿವಿಯಲ್ಲಿ ನೋಡಿಕೊಂಡೇ ಪಾಲಿಸಿ ಕೊಂಡರೆ ಅದು ಬಾಯಾರಿದಾಗ ಬಾವಿ ತೋಡಿದ ಹಾಗೆ. ಕೊಳ್ಳುವ ದಿನಕ್ಕೇ ಊರಿಗೆಲ್ಲ ಗೊತ್ತಿದ್ದ ಸಂಗತಿಯನ್ನು ಕಂಪನಿ ತನ್ನ ತಲೆಗೆ ಹಾಕಿಕೊಳ್ಳುವುದಿಲ್ಲ. ಆದ್ದರಿಂದ ಟಿಕೆಟ್ ಮಾಡಿಸಿದ ದಿನವೇ ಪಾಲಿಸಿಯನ್ನೂ ಮಾಡಿಸಬೇಕು. ನೀನು ಮಾಡಿಸಿದ್ದೀಯ, ಒಳ್ಳೆಯದಾಯಿತು.

ಈಗ ನನ್ನನ್ನು ನಿಜಕ್ಕೂ ಕಾಡಿದ ವಿಷಯ. ನಿನ್ನ ಟಿಕೆಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಬೆಂಗಳೂರಿನಿಂದ ದೋಹಾ, ದೋಹಾದಿಂದ ಫ್ರಾಂಕ್‌ಫರ್ಟ್, ಇವೆರಡೂ ಒಂದೇ ಪಿಎನ್‌ಆರ್. ಅಲ್ಲಿಂದ ಹ್ಯಾಂಬರ್ಗ್‌ಗೆ ಬೇರೆ ಕಂಪನಿಯಲ್ಲಿ, ಬೇರೆ ವೆಬ್‌ಸೈಟಿನಲ್ಲಿ, ಕಡಿಮೆ ಬೆಲೆಗೆ ಸಿಕ್ಕಿತೆಂದು ಪ್ರತ್ಯೇಕ ಟಿಕೆಟ್ ಮಾಡಿಸಿದ್ದೀಯ. ನಡುವಿನ ಅಂತರ ಎರಡು ಗಂಟೆ ಹತ್ತು ನಿಮಿಷ. ಅಷ್ಟರಲ್ಲಿ ನೀನು ಪಾಸ್‌ಪೋರ್ಟ್ ಸಾಲಿನಲ್ಲಿ ನಿಲ್ಲಬೇಕು, ಬೆಲ್ಟಿನ ಮುಂದೆ ಪೆಟ್ಟಿಗೆಗೆ ಕಾಯಬೇಕು, ಅದನ್ನು ಹೊಸ ಕೌಂಟರಿನಲ್ಲಿ ಮತ್ತೆ ಕೊಡಬೇಕು. ದೋಹಾ ವಿಮಾನ ಎರಡೇ ಗಂಟೆ ತಡವಾಯಿತು ಎಂದಿಟ್ಟುಕೋ. ಟ್ರಿಪ್ ಡಿಲೇ ಕಲಮಿನಲ್ಲಿ ಒಂದು ಕಾಸೂ ಹುಟ್ಟುವುದಿಲ್ಲ, ಆರು ಗಂಟೆ ಆಗಿಲ್ಲವಲ್ಲ. ಹ್ಯಾಂಬರ್ಗ್ ಕಂಪನಿಗೆ ನೀನು ಬರದೇ ಹೋದ ಪ್ರಯಾಣಿಕಳು, ಟಿಕೆಟ್ ಹೋಯಿತು. ಫ್ರಾಂಕ್‌ಫರ್ಟ್‌ಗೆ ತಂದುಬಿಟ್ಟವರ ಕೆಲಸ ಫ್ರಾಂಕ್‌ಫರ್ಟ್‌ಗೇ ಮುಗಿಯಿತು. ಹೊಸ ಟಿಕೆಟ್ ಆ ಕ್ಷಣದ ಬೆಲೆಗೆ, ನಿನ್ನ ಸ್ಕಾಲರ್‌ಶಿಪ್ ದುಡ್ಡಿನಲ್ಲಿ.

‘ಮಿಸ್ಡ್ ಕನೆಕ್ಷನ್ ಅಂತ ಬೇರೆ ಸಾಲು ಇದೆಯಲ್ಲ ಮಾವ’ ಅನ್ನುತ್ತೀಯ. ಇದೆ, ಮುನ್ನೂರು ಡಾಲರ್. ಅದರ ವಿವರ ಒಳಗೆಲ್ಲೋ ಹದಿನೇಳನೇ ಪುಟದಲ್ಲಿದೆ. ಎರಡು ಹಾರಾಟಗಳ ನಡುವೆ ಬುಕಿಂಗ್ ಮಾಡುವಾಗಲೇ ಕನಿಷ್ಠ ಮೂರು ಗಂಟೆ ಬಿಟ್ಟಿರಬೇಕು ಎನ್ನುತ್ತದೆ ಆ ಷರತ್ತು. ನೀನು ಬಿಟ್ಟಿರುವುದು ಎರಡು ಹತ್ತು. ಅಲ್ಲಿಗೆ ಆ ಸಾಲೂ ನಿನ್ನ ಪಾಲಿಗೆ ಇಲ್ಲ. ಪ್ರೀಮಿಯಂ ಮಾತ್ರ ಅದಕ್ಕೂ ಸೇರಿಸಿ ಕಟ್ಟಿದ್ದೀಯ.

ದುಡ್ಡು ಹಾಗಿರಲಿ. ನೀನು ಹೋಗುತ್ತಿರುವುದು ಸೋಮವಾರ ಬೆಳಿಗ್ಗೆ ಪ್ರಬಂಧ ಮಂಡಿಸಲು. ಭಾನುವಾರ ರಾತ್ರಿ ಫ್ರಾಂಕ್‌ಫರ್ಟ್‌ನಲ್ಲಿ ಸಿಕ್ಕಿಬಿದ್ದು ಮಂಡನೆಯ ಆ ಇಪ್ಪತ್ತು ನಿಮಿಷ ಕೈತಪ್ಪಿದರೆ ಅದನ್ನು ತುಂಬಿಕೊಡುವ ಸಾಲು ಯಾವ ಪಾಲಿಸಿಯಲ್ಲೂ ಇಲ್ಲ. ಮದುವೆ ಮುಹೂರ್ತ ತಪ್ಪಿದವರು, ಇಂಟರ್‌ವ್ಯೂ ತಪ್ಪಿದವರು, ತಂದೆಯ ಅಂತ್ಯಕ್ರಿಯೆಗೆ ಮುಟ್ಟದೇ ಹೋದವರು, ಎಲ್ಲರ ಫಾರಂಗಳೂ ನನ್ನ ಮೇಜಿಗೆ ಬಂದಿವೆ. ಫಾರಂನಲ್ಲಿ ಅದನ್ನು ಬರೆಯಲು ಜಾಗವೇ ಇರಲಿಲ್ಲ, ಅಂಚಿನಲ್ಲಿ ಬರೆದಿರುತ್ತಿದ್ದರು. ನಾನು ಓದಿ, ಊಟದ ಬಿಲ್ಲಿನ ಮೊತ್ತ ಕೂಡಿ ಸಹಿ ಹಾಕುತ್ತಿದ್ದೆ.

ಆದ್ದರಿಂದ ಆ ಹ್ಯಾಂಬರ್ಗ್ ಟಿಕೆಟ್ ಬಿಟ್ಟುಬಿಡು, ಸ್ವಲ್ಪ ಕೈಕಚ್ಚಿದರೂ ಪರವಾಗಿಲ್ಲ. ಬೆಂಗಳೂರಿನಿಂದ ಹ್ಯಾಂಬರ್ಗ್‌ವರೆಗೆ ಒಂದೇ ಪಿಎನ್‌ಆರ್‌ನಲ್ಲಿ ಸಿಗುತ್ತದೆಯೇ ವಿಚಾರಿಸು. ಆಗ ನಡುವೆ ಕೊಂಡಿ ತಪ್ಪಿದರೆ ಮುಂದಿನ ವಿಮಾನಕ್ಕೆ ಹಾಕುವ ಹೊಣೆ ಅವರದೇ. ಇಲ್ಲವಾದರೆ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ್ದೇ ದೂರಪ್ರಯಾಣದ ರೈಲು ನಿಲ್ದಾಣವಿದೆ. ಹ್ಯಾಂಬರ್ಗ್‌ಗೆ ನಾಲ್ಕು ಗಂಟೆಯ ಆಸುಪಾಸು. ಇಂಥದ್ದೇ ರೈಲು ಎಂದು ಕಟ್ಟಿಹಾಕದ ಟಿಕೆಟ್ಟೂ ಸಿಗುತ್ತದೆ, ಬೆಲೆ ಜಾಸ್ತಿ. ಆ ಹೆಚ್ಚಿನ ಬೆಲೆಯೇ ನಿನ್ನ ನಿಜವಾದ ವಿಮೆಯ ಪ್ರೀಮಿಯಂ ಅಂದುಕೋ. ಇನ್ನೂ ಚೆನ್ನ, ಶನಿವಾರವೇ ಹೋಗಿ ಸೇರು.

ಶಿವಮೊಗ್ಗದಿಂದ ರಾತ್ರಿ ರೈಲಿನಲ್ಲಿ ಬಂದು ಹಾಗೇ ಏರ್‌ಪೋರ್ಟಿಗೆ ಹೋಗುತ್ತೇನೆ ಅಂತ ನಿಮ್ಮಮ್ಮನ ಹತ್ತಿರ ಅಂದೆಯಂತೆ. ಬೇಡ. ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಮಲಗಿಕೋ, ನಡುರಾತ್ರಿ ಎಬ್ಬಿಸಿ ವಾಯುವಜ್ರ ಬಸ್ಸು ಹತ್ತಿಸುತ್ತೇನೆ. ರೈಲು ತಡವಾಗಿ ವಿಮಾನ ತಪ್ಪಿದ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ ಗೊತ್ತೇ? 2016ರಲ್ಲಿ ಜಮ್ಮುವಿಗೆ ಹೊರಟ ಒಂದು ಕುಟುಂಬದ ರೈಲು ನಾಲ್ಕು ಗಂಟೆ ತಡವಾಯಿತು, ಶ್ರೀನಗರದ ವಿಮಾನ ಕೈತಪ್ಪಿತು, ಟ್ಯಾಕ್ಸಿ ಮಾಡಿಕೊಂಡು ಹೋದರು. ತಡಕ್ಕೆ ಸರಿಯಾದ ಕಾರಣ ತೋರಿಸಲಾಗದ ರೈಲ್ವೆಯೇ ಹೊಣೆ ಎಂದು 2021ರ ಸೆಪ್ಟೆಂಬರ್‌ನಲ್ಲಿ ಅಂತಿಮ ತೀರ್ಪು ಬಂತು. ಪರಿಹಾರ ಒಟ್ಟು ₹35,000. ಗೆದ್ದರು, ನಿಜ. ಐದು ವರ್ಷ ಹಿಡಿಯಿತು.

ವಿಮಾ ಕಂಪನಿಯನ್ನು ಕೇಳುವ ಮೊದಲು ಏರ್‌ಲೈನ್‌ನ ಕೌಂಟರಿಗೆ ಹೋಗುವುದನ್ನು ಕಲಿ. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮದಂತೆ ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾಗುವುದಾದರೆ, ಎರಡೂವರೆಯಿಂದ ಐದು ಗಂಟೆಯ ಹಾರಾಟ ಮೂರು ಗಂಟೆ ತಡವಾಗುವುದಾದರೆ, ಕಾಯುವವರಿಗೆ ಊಟ ತಿಂಡಿ ಕೊಡಬೇಕು. 24 ಗಂಟೆ ಮೀರಿದರೆ, ಅಥವಾ ರಾತ್ರಿ ಎಂಟರಿಂದ ಮುಂಜಾನೆ ಮೂರರ ನಡುವೆ ಹೊರಡಬೇಕಾದದ್ದು ಆರು ಗಂಟೆ ಮೀರಿದರೆ, ಹೋಟೆಲ್ ರೂಮು. ಬರೀ ತಡಕ್ಕೆ ನಗದು ಪರಿಹಾರವಿಲ್ಲ. ಸಮಯಕ್ಕೆ ತಿಳಿಸದೆ ರದ್ದು ಮಾಡಿದರೆ ಹಾರಾಟದ ಅವಧಿ ನೋಡಿಕೊಂಡು ₹5,000ದಿಂದ ₹10,000ದವರೆಗಿನ ಮಿತಿಯಲ್ಲಿ ಇದೆ. ಮಂಜಿನಂಥ ಅವರ ಕೈಮೀರಿದ ಕಾರಣಕ್ಕಾದರೆ ಅದೂ ಇಲ್ಲ.

ಯುರೋಪಿನ ನಿಯಮ ಇದಕ್ಕಿಂತ ಉದಾರ, ಆದರೆ ವಿಚಿತ್ರವಾಗಿ ಒಂದೇ ದಿಕ್ಕಿನದು. 261/2004 ಎಂಬ ಆ ನಿಯಮ ಯುರೋಪಿನಿಂದ ಹೊರಡುವ ಎಲ್ಲ ಏರ್‌ಲೈನ್‌ಗಳಿಗೂ ಅನ್ವಯ; ಹೊರಗಿನಿಂದ ಯುರೋಪಿಗೆ ಬರುವಾಗ ಯುರೋಪಿನದೇ ಏರ್‌ಲೈನ್‌ಗಳಿಗೆ ಮಾತ್ರ. ನೀನು ಕೊಲ್ಲಿಯ ಏರ್‌ಲೈನ್‌ನಲ್ಲಿ ಹೋಗುತ್ತಿದ್ದೀಯ. ಹೋಗುವಾಗ ಅದು ನಿನಗಿಲ್ಲ, ಬರುವಾಗ ಇದೆ. ಫ್ರಾಂಕ್‌ಫರ್ಟ್‌ನಿಂದ ಒಂದೇ ಬುಕಿಂಗ್‌ನಲ್ಲಿ ಹೊರಟು, ಯಂತ್ರದೋಷದಂಥ ಅವರದೇ ಕಾರಣಕ್ಕೆ ಬೆಂಗಳೂರಿಗೆ ಮೂರು ಗಂಟೆಗಿಂತ ಹೆಚ್ಚು ತಡವಾಗಿ ಇಳಿದರೆ 600 ಯೂರೋವರೆಗೆ ಕೇಳಬಹುದು. ನಿನ್ನ ಪಾಲಿಸಿಯ ನೂರು ಡಾಲರ್ ಇದರ ಮುಂದೆ ಏನು? ಗೊತ್ತಿಲ್ಲದೆ ಅದನ್ನು ಬಿಟ್ಟು ಸ್ಯಾಂಡ್‌ವಿಚ್ ಬಿಲ್ಲಿಗೆ ವಿಮಾ ಕಂಪನಿಯ ಹಿಂದೆ ಬೀಳುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಐಸ್‌ಲೆಂಡಿನ ಜ್ವಾಲಾಮುಖಿ 2010ರ ಏಪ್ರಿಲ್‌ನಲ್ಲಿ ಸಿಡಿದು ಯುರೋಪಿನ ಆಕಾಶ ಮುಚ್ಚಿದಾಗ, ಬೂದಿಯ ಮೋಡ ಕೆಟ್ಟ ಹವಾಮಾನದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ವಿಮಾ ಕಂಪನಿಗಳೂ ಜನರೂ ಜಗಳವಾಡಿದರು. ಆದರೆ ಏರ್‌ಲೈನ್ ಮಾತ್ರ ಅಂಥ ಹೊತ್ತಿನಲ್ಲೂ ಊಟ, ವಸತಿ ನೋಡಿಕೊಳ್ಳಲೇಬೇಕು ಎಂದು ಯುರೋಪಿನ ನ್ಯಾಯಾಲಯ 2013ರಲ್ಲಿ ಹೇಳಿತು. ಆ ಪ್ರಕರಣದಲ್ಲಿ, ಪೋರ್ಚುಗಲ್ಲಿನ ಫಾರೋದಲ್ಲಿ ವಾರದಷ್ಟು ಕಾಲ ಸಿಕ್ಕಿಬಿದ್ದ ಪ್ರಯಾಣಿಕಳೊಬ್ಬಳು ಕೇಳಿದ್ದು ಸಾವಿರದ ನೂರು ಚಿಲ್ಲರೆ ಯೂರೋ.

ಕಾಗದಗಳನ್ನು ಹೇಗೆ ಇಟ್ಟುಕೊಳ್ಳಬೇಕು ಹೇಳುತ್ತೇನೆ, ಕ್ಲೇಮು ಸಾಯುವುದು ಹೆಚ್ಚಾಗಿ ಇಲ್ಲೇ. ತಡವಾದ ದಿನವೇ, ಆ ಕೌಂಟರಿನಲ್ಲೇ, ಗೊತ್ತಾದ ವೇಳೆ, ನಿಜಕ್ಕೂ ಹೊರಟ ವೇಳೆ, ತಡದ ಕಾರಣ ಈ ಮೂರೂ ಇರುವ ಪತ್ರವನ್ನು ಕೇಳಿ ಪಡೆ. ಈಮೇಲ್ ಆದರೂ ಸರಿ. ಊರಿಗೆ ಬಂದ ಮೇಲೆ ಕೇಳಿದರೆ ಉತ್ತರಕ್ಕೆ ವಾರಗಟ್ಟಲೆ ಕಾಯುತ್ತೀಯ. ‘ಆಪರೇಷನಲ್ ರೀಸನ್ಸ್’ ಎಂದಷ್ಟೇ ಬರೆದುಕೊಟ್ಟರೆ ಬಿಡಬೇಡ, ಏನೆಂದು ಕೇಳು. ಆ ಎರಡು ಪದದ ಮೇಲೆ ಎಷ್ಟೋ ಫೈಲುಗಳು ತಿಂಗಳುಗಟ್ಟಲೆ ಮಲಗಿದ್ದುಂಟು. ವಿಮಾನ ನಿಲ್ದಾಣದ ಬಿಲ್ಲುಗಳು ದಿನ ಕಳೆದಂತೆ ಅಕ್ಷರ ಮಾಸಿಹೋಗುವ ನುಣುಪು ಕಾಗದದವು. ಬಿಲ್ಲುಗಳೆಂದು ಜನ ಬೋಳು ಕಾಗದದ ಕಟ್ಟು ತಂದು ನನ್ನ ಕೈಗಿಟ್ಟಿದ್ದಾರೆ. ಕೊಂಡ ಕೂಡಲೇ ಫೋಟೋ ತೆಗೆ. ಏನು ಕೊಂಡೆ ಎಂಬ ವಿವರ ಅದರಲ್ಲಿರಲಿ, ಬರೀ ಕಾರ್ಡ್ ಉಜ್ಜಿದ ಚೀಟಿ ಸಾಲದು. ಬೋರ್ಡಿಂಗ್ ಪಾಸ್ ಎಸೆಯಬೇಡ.

ಪೆಟ್ಟಿಗೆ ಬರದಿದ್ದರೆ ಬೆಲ್ಟಿನ ಹತ್ತಿರದ ಕೌಂಟರಿನಲ್ಲಿ ದೂರು ಬರೆಸಿ ಅದರ ಪ್ರತಿ ಪಡೆಯದೆ ಹೊರಗೆ ಕಾಲಿಡಬೇಡ. ಊರಿಗೆ ವಾಪಸಾಗುವಾಗ ಪೆಟ್ಟಿಗೆ ತಡವಾದರೆ ಸಾಮಾನ್ಯವಾಗಿ ವಿಮೆ ಇಲ್ಲ, ಮನೆಯಲ್ಲಿ ಬಟ್ಟೆ ಇದೆಯಲ್ಲ ಎಂಬ ತರ್ಕ.

ಇಷ್ಟೆಲ್ಲ ಓದಿ, ಹಾಗಾದರೆ ಪಾಲಿಸಿಯೇ ದಂಡ ಅಂದುಕೊಂಡೀಯ. ಅಲ್ಲ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಕೇಳುತ್ತಾರಲ್ಲ, ಅದು ಆಸ್ಪತ್ರೆಗೆ ಮತ್ತು ಆಗಬಾರದ್ದು ಆದರೆ ಊರಿಗೆ ತಲುಪಿಸುವುದಕ್ಕೆ. ವಿಮಾನದ ತಡಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನೀನು ಕಟ್ಟಿದ ಪ್ರೀಮಿಯಂ ಮುಖ್ಯವಾಗಿ ಆ ಮೊದಲ ಸಾಲಿಗೆ. ಹ್ಯಾಂಬರ್ಗ್‌ನ ಹಿಮದ ಮೇಲೆ ಜಾರಿ ಕಾಲು ಮುರಿದರೆ ಆ ಸಾಲು ನಿನ್ನನ್ನೂ ನಿಮ್ಮಪ್ಪನನ್ನೂ ಸಾಲದಿಂದ ಕಾಪಾಡುತ್ತದೆ. ಹಾಗಂತ ತಡಕ್ಕೆಂದೇ ಇನ್ನೊಂದು ಕವರ್ ಕೊಳ್ಳಲು ಹೋಗಬೇಡ. ಕ್ರೆಡಿಟ್ ಕಾರ್ಡಿನ ಜೊತೆ ಬರುವ ವಿಮೆಯನ್ನು ನಂಬುವ ಮುಂಚೆ, ಅದೇ ಕಾರ್ಡಿನಲ್ಲಿ ಟಿಕೆಟ್ ಕೊಂಡಿರಬೇಕು ಎಂಬ ಷರತ್ತು ಇದೆಯೇ ನೋಡಿಕೋ, ಹೆಚ್ಚಾಗಿ ಇರುತ್ತದೆ.

ಕೊನೆಗೆ, ಎಲ್ಲ ಸರಿಯಿದ್ದೂ ಕ್ಲೇಮು ತಿರಸ್ಕರಿಸಿದರೆ ಸುಮ್ಮನಾಗಬೇಡ. ಕಾರಣವನ್ನು ಬರಹದಲ್ಲಿ ಕೇಳು, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಕೇಳು. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದರೂ ಒಪ್ಪಿಗೆಯಾಗದಿದ್ದರೆ, ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಬೆಂಗಳೂರಿನ ಕಚೇರಿ ಜೆ.ಪಿ. ನಗರದ ಜೀವನ್ ಸೌಧದಲ್ಲಿ. ಶುಲ್ಕವಿಲ್ಲ, ವಕೀಲರು ಬೇಡ, ಆದರೆ ಒಂದು ವರ್ಷದೊಳಗೆ ಹೋಗಬೇಕು. ನೂರು ಡಾಲರ್‌ಗೆ ಇಷ್ಟೆಲ್ಲ ಯಾಕೆ ಎಂದು ನಿಮ್ಮಮ್ಮ ಅಂದಾಳು. ನ್ಯಾಯ ನಿನ್ನ ಕಡೆಗಿದ್ದರೆ ಹೋಗು. ಐದು ಗಂಟೆ ನಲವತ್ತು ನಿಮಿಷ ಕಾದು ಬಂದಿದ್ದರೆ ಮಾತ್ರ ಒಂಬುಡ್ಸ್‌ಮನ್‌ಗೆ ಬರೆಯಬೇಡ, ನನಗೆ ಫೋನ್ ಮಾಡು. ಬೇಕಾದಷ್ಟು ಬೈದುಕೋ, ಕೇಳಿಸಿಕೊಳ್ಳುತ್ತೇನೆ, ನನಗೆ ಅಭ್ಯಾಸವಿದೆ.

— ನಿನ್ನ ಮಾವ